ಪಾಚಿ ಬೆಳೆಸುವುದು ಸುಲಭ, ನೀರಿನಿಂದ ಬಿಡಿಸುವುದೇ ಕೆಲಸ

ಕೊಳದ ಹಸಿರು ನೀರನ್ನು ಒಂದು ಲೋಟದಲ್ಲಿ ಎತ್ತಿ ನೋಡಿದರೆ ಅದರ ತುಂಬಾ ಪಾಚಿಯೇ ಇದೆ ಅನ್ನಿಸುತ್ತದೆ. ಆದರೆ ಚೆನ್ನಾಗಿ ಬೆಳೆದ ತೆರೆದ ಕೊಳದಲ್ಲೂ ಒಂದು ಲೀಟರಿಗೆ ಸಿಗುವುದು ಅರ್ಧದಿಂದ ಒಂದು ಗ್ರಾಂ ಒಣ ಪಾಚಿ, ಅಷ್ಟೇ. ಒಂದು ಕಿಲೋ ಪುಡಿ ಕೈಗೆ ಬರಬೇಕಾದರೆ ಸಾವಿರದಿಂದ ಎರಡು ಸಾವಿರ ಲೀಟರ್ ನೀರನ್ನು ಬೇರೆ ಮಾಡಬೇಕು. ಸೂಕ್ಷ್ಮಪಾಚಿಯಿಂದ ಏನು ಮಾಡಲು ಹೊರಟರೂ ಈ ಲೆಕ್ಕ ನಿಮ್ಮ ಬೆನ್ನು ಬಿಡುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಪಾಚಿ ಅಂದಕೂಡಲೇ ಜನ ಎರಡು ತರಹ ಮಾತಾಡುತ್ತಾರೆ. ಒಂದು, ಪ್ರಪಂಚದ ಎಣ್ಣೆ, ಆಹಾರ, ಹೊಗೆ ಎಲ್ಲ ಸಮಸ್ಯೆಗೂ ಇದೇ ಮದ್ದು ಅಂತ. ಇನ್ನೊಂದು, ಇದೆಲ್ಲ ಬರೀ ಮಾತು ಅಂತ. ಎರಡೂ ಸರಿಯಲ್ಲ. ಕೆಲವು ಕೆಲಸಗಳನ್ನು ಪಾಚಿ ನಿಜವಾಗಿಯೂ ಬೇರೆ ಯಾವುದಕ್ಕಿಂತ ಚೆನ್ನಾಗಿ ಮಾಡುತ್ತದೆ. ಆ ಕೆಲಸಗಳು ಯಾವುವು, ಕೈ ಹಾಕುವವರು ಹೇಗೆ ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾತಕ್ಕೆ ಅಂತ ತೀರ್ಮಾನ ಮಾಡಿ

ಬಹಳ ಜನ ಮೊದಲು ಪಾಚಿ ತಂದು ಬೆಳೆಸುತ್ತಾರೆ, ಆಮೇಲೆ ಇದನ್ನು ಏನು ಮಾಡುವುದು ಅಂತ ಕೇಳುತ್ತಾರೆ. ಉಲ್ಟಾ ಹೋಗಿ. ನಿಮಗೆ ಬೇಕಾದ ಉಪಯೋಗವೇ ಯಾವ ಪಾಚಿ, ಎಂಥ ನೀರು, ಎಂಥ ತೊಟ್ಟಿ, ಹೇಗೆ ಸೋಸುವುದು ಅನ್ನುವುದನ್ನೆಲ್ಲ ಹೇಳಿಬಿಡುತ್ತದೆ.

ತಿನ್ನುವ ಪುಡಿ ಬೇಕಾದರೆ ಸ್ಪಿರುಲಿನಾ. ಇದು ಲೆಕ್ಕದ ಪ್ರಕಾರ ಪಾಚಿಯಲ್ಲ, ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ವೈಜ್ಞಾನಿಕ ಹೆಸರು ಆರ್ತ್ರೋಸ್ಪೈರಾ, ಇತ್ತೀಚೆಗೆ ಲಿಮ್ನೊಸ್ಪೈರಾ ಅಂತಲೂ ಕರೆಯುತ್ತಾರೆ. ವ್ಯವಹಾರದಲ್ಲಿ ಎಲ್ಲರೂ ಪಾಚಿ ಅಂತಲೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ಒಣ ತೂಕದಲ್ಲಿ ಸುಮಾರು 55ರಿಂದ 70 ಶೇಕಡಾ ಪ್ರೋಟೀನ್. ಇದರಿಂದಲೇ ಫೈಕೋಸಯಾನಿನ್ ಅನ್ನುವ ನೀಲಿ ಬಣ್ಣ ಸಿಗುತ್ತದೆ. ತಿನ್ನಬಹುದಾದ ನೀಲಿ ಬಣ್ಣ ಪ್ರಕೃತಿಯಲ್ಲಿ ಬಹಳ ಅಪರೂಪ, ಹಾಗಾಗಿ ಅದಕ್ಕೆ ಒಳ್ಳೆಯ ಬೇಡಿಕೆ ಇದೆ.

ಕ್ಲೋರೆಲ್ಲಾ ಕೂಡ ತಿನ್ನುವ ಪಾಚಿಯೇ. ಆದರೆ ಅದರ ಕೋಶದ ಗೋಡೆ ಗಟ್ಟಿ. ಒಡೆಯದೆ ತಿಂದರೆ ಒಳಗಿನದ್ದು ಸರಿಯಾಗಿ ಜೀರ್ಣವಾಗುವುದಿಲ್ಲ. ಒಂದೊಂದು ಕೋಶವೂ 2ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಜೋರಾಗಿ ತಿರುಗಿಸಿ ಬೇರೆ ಮಾಡುವ ಸೆಂಟ್ರಿಫ್ಯೂಜ್ ಯಂತ್ರ ಬೇಕು. ಸ್ಪಿರುಲಿನಾ ಉದ್ದನೆಯ ಸುರುಳಿ, ಬಟ್ಟೆಯಲ್ಲೇ ಸೋಸಬಹುದು. ಮೊದಲ ಸಲ ಬೆಳೆಸುವವರಿಗೆ ನಾನು ಸ್ಪಿರುಲಿನಾ ಹೇಳುವುದು ಈ ಒಂದೇ ಕಾರಣಕ್ಕೆ. ಪ್ರೋಟೀನ್ ಆಮೇಲಿನ ಮಾತು.

ಬಣ್ಣ ಮತ್ತು ಔಷಧಿ ಗುಣದ ವಸ್ತುಗಳಿಗೆ ಎರಡು ಹೆಸರು ಗೊತ್ತಿರಬೇಕು. ಡುನಾಲಿಯೆಲ್ಲಾ ಸಲೈನಾ ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪಾದ ನೀರಿನಲ್ಲಿ ಬೆಳೆದು, ಬಿಸಿಲು ಉಪ್ಪು ಎರಡೂ ಹೆಚ್ಚಾದಾಗ ಮೈತುಂಬಾ ಬೀಟಾ ಕ್ಯಾರೊಟಿನ್ ಅನ್ನುವ ಕಿತ್ತಳೆ ಬಣ್ಣ ತುಂಬಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಹಟ್ ಲಗೂನ್ ಸರೋವರ ಗುಲಾಬಿ ಬಣ್ಣದಲ್ಲಿರುವುದು ಇದರಿಂದಲೇ, ಅಲ್ಲೇ ಇದನ್ನು ದೊಡ್ಡದಾಗಿ ಬೆಳೆಸುತ್ತಾರೆ. ಇನ್ನೊಂದು ಹೆಮಟೊಕಾಕಸ್. ಮೊದಲು ಹಸಿರಾಗಿ ಚೆನ್ನಾಗಿ ಬೆಳೆಸಿ, ಆಮೇಲೆ ಗೊಬ್ಬರ ನಿಲ್ಲಿಸಿ ಬಿಸಿಲಿಗೆ ಒಡ್ಡಿದರೆ ಅದು ಹೆದರಿ ಗೋಡೆ ದಪ್ಪ ಮಾಡಿಕೊಂಡು ಕೆಂಪಾಗುತ್ತದೆ. ಆ ಕೆಂಪು ಆಸ್ಟಾಕ್ಸಾಂಥಿನ್. ಸಾಲ್ಮನ್ ಮೀನಿನ ಮಾಂಸದ ಬಣ್ಣಕ್ಕೂ ಇದೇ ಕಾರಣ.

ಮೀನು, ಸೀಗಡಿ, ಸಿಂಪಿ ಮರಿ ಮಾಡುವ ಹ್ಯಾಚರಿಗಳಲ್ಲಿ ಪಾಚಿ ಇಲ್ಲದೆ ಕೆಲಸವೇ ನಡೆಯುವುದಿಲ್ಲ. ಕೀಟೊಸೆರಾಸ್, ಐಸೊಕ್ರೈಸಿಸ್, ಟೆಟ್ರಾಸೆಲ್ಮಿಸ್, ನಾನೊಕ್ಲೊರಾಪ್ಸಿಸ್ ಇವು ಅಲ್ಲಿ ದಿನಬಳಕೆಯ ಹೆಸರುಗಳು. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಗಮನಿಸಿದಿರಾ? ಪಾಚಿಯನ್ನು ನೀರಿನ ಜೊತೆಗೇ ಮರಿಗಳ ತೊಟ್ಟಿಗೆ ಸುರಿಯಬಹುದು. ಸೋಸಬೇಕಿಲ್ಲ, ಒಣಗಿಸಬೇಕಿಲ್ಲ. ಅದಕ್ಕೇ ಪಾಚಿಯ ಉಪಯೋಗಗಳಲ್ಲಿ ಇದು ಎಂದೂ ಕುಸಿಯದೆ ನಿಂತಿದೆ.

ಮೀನೆಣ್ಣೆಯಲ್ಲಿರುವ ಒಮೆಗಾ 3 ಕೂಡ ಮೂಲದಲ್ಲಿ ಪಾಚಿಯದೇ. ಮೀನು ಅದನ್ನು ತಿಂದು ಕೂಡಿಟ್ಟುಕೊಳ್ಳುತ್ತದೆ. ಈಗ ಮೀನನ್ನು ಬಿಟ್ಟು ನೇರವಾಗಿ ಕ್ರಿಪ್ತೆಕೊಡಿನಿಯಂ, ಸ್ಕೈಜೊಕೈಟ್ರಿಯಂ ಅನ್ನುವ ಜೀವಿಗಳಿಂದ ಡಿಎಚ್‌ಎ ಅನ್ನುವ ಒಮೆಗಾ 3 ತೆಗೆಯುತ್ತಾರೆ. ಇವನ್ನು ಬೆಳೆಸುವುದು ಕತ್ತಲೆಯ ಸ್ಟೀಲ್ ಟ್ಯಾಂಕಿನಲ್ಲಿ, ಸಕ್ಕರೆ ಕೊಟ್ಟು. ಅಲ್ಲಿ ಒಂದು ಲೀಟರಿನಲ್ಲಿ ಹತ್ತಾರು ಗ್ರಾಂ ಬೆಳೆಯುತ್ತದೆ. ಮೊದಲು ಹೇಳಿದ ನೀರಿನ ಲೆಕ್ಕ ಅಲ್ಲಿ ಪೂರ್ತಿ ಬದಲಾಗುತ್ತದೆ. ಆದರೆ ಅದು ಕಾರ್ಖಾನೆಯ ಕೆಲಸ, ಹಿತ್ತಲಲ್ಲಿ ಆಗುವುದಲ್ಲ.

ಕೊಳಚೆ ನೀರು ಶುದ್ಧ ಮಾಡುವುದು ಬೇರೆಯೇ ದಾರಿ. ಅದಕ್ಕೆ ಕೆಳಗೆ ಪ್ರತ್ಯೇಕವಾಗಿ ಬರುತ್ತೇನೆ.

ಬೀಜ ಮತ್ತು ನೀರು

ಸ್ಪಿರುಲಿನಾ ಹಿಡಿದೇ ಹೇಳುತ್ತೇನೆ. ವಿಧಾನ ಗೊತ್ತಾದರೆ ಬೇರೆ ಪಾಚಿಗಳಿಗೂ ಹೊಂದಿಸಿಕೊಳ್ಳಬಹುದು.

ಒಣ ಪುಡಿಯಿಂದ ಬೆಳೆ ಎಬ್ಬಿಸಲು ಆಗುವುದಿಲ್ಲ, ಅದು ಸತ್ತಿರುತ್ತದೆ. ಜೀವಂತ ಬೀಜ ಬೇಕು. ಪಾಚಿ ಸಂಗ್ರಹ ಇಟ್ಟುಕೊಂಡಿರುವ ಸಂಶೋಧನಾ ಸಂಸ್ಥೆಯಿಂದ ಅಥವಾ ನಿಮಗೆ ನಂಬಿಕೆ ಇರುವ ಬೆಳೆಗಾರರಿಂದ ಅರ್ಧ ಲೀಟರ್ ತನ್ನಿ. ಎಲ್ಲೋ ಕೆರೆಯಿಂದ ಮೊಗೆದು ತರಬೇಡಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ತಂದ ಕೂಡಲೇ ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಎಳೆಗಳು ಕಾಣಬೇಕು. ನೆಟ್ಟಗಿರುವ ಎಳೆಗಳು ಜಾಸ್ತಿ ಇದ್ದರೆ ಬೇಡ, ಅವು ಬಟ್ಟೆಯ ಕಣ್ಣಿನಲ್ಲಿ ನುಸುಳುತ್ತವೆ. ದುಂಡನೆಯ ಸಣ್ಣ ಹಸಿರು ಚುಕ್ಕಿಗಳು ಕಂಡರೆ ಬೇರೆ ಪಾಚಿ ಸೇರಿಕೊಂಡಿದೆ ಅಂತ ಅರ್ಥ.

ಸ್ಪಿರುಲಿನಾಗೆ ಕ್ಷಾರದ ನೀರು ಬೇಕು. 1966ರಲ್ಲಿ ಜಾರೂಕ್ ಅನ್ನುವವರು ಬರೆದಿಟ್ಟ ಅಳತೆಯನ್ನೇ ಇವತ್ತಿಗೂ ಎಲ್ಲರೂ ಮೂಲವಾಗಿ ಇಟ್ಟುಕೊಳ್ಳುತ್ತಾರೆ. ಒಂದು ಲೀಟರ್ ನೀರಿಗೆ ಅಡುಗೆ ಸೋಡಾ 16.8 ಗ್ರಾಂ, ಸೋಡಿಯಂ ನೈಟ್ರೇಟ್ 2.5 ಗ್ರಾಂ, ಡೈಪೊಟ್ಯಾಶಿಯಂ ಫಾಸ್ಫೇಟ್ ಅರ್ಧ ಗ್ರಾಂ, ಪೊಟ್ಯಾಶಿಯಂ ಸಲ್ಫೇಟ್ 1 ಗ್ರಾಂ, ಉಪ್ಪು 1 ಗ್ರಾಂ, ಮೆಗ್ನೀಶಿಯಂ ಸಲ್ಫೇಟ್ 0.2 ಗ್ರಾಂ, ಕ್ಯಾಲ್ಶಿಯಂ ಕ್ಲೋರೈಡ್ 0.04 ಗ್ರಾಂ, ಫೆರಸ್ ಸಲ್ಫೇಟ್ 0.01 ಗ್ರಾಂ, ಜೊತೆಗೆ ಕಬ್ಬಿಣ ಕೆಳಗೆ ಕೂರದ ಹಾಗೆ ಹಿಡಿದಿಡಲು ಇಡಿಟಿಎ 0.08 ಗ್ರಾಂ. ಇದರ ಮೇಲೆ ಚಿಟಿಕೆಗಿಂತ ಕಡಿಮೆ ಸತು, ಮ್ಯಾಂಗನೀಸ್, ಬೋರಾನ್ ತರಹದ್ದು. ತಿನ್ನಲು ಬೆಳೆಸುವುದಾದರೆ ಎಲ್ಲವೂ ಆಹಾರ ದರ್ಜೆಯದೇ ಇರಬೇಕು. ಹೊಲಕ್ಕೆ ಹಾಕುವ ಗೊಬ್ಬರದಲ್ಲಿ ಕ್ಯಾಡ್ಮಿಯಂ, ಸೀಸದಂಥ ಲೋಹಗಳು ಇರಬಹುದು, ಪಾಚಿ ಅವನ್ನು ಹೀರಿ ಕೂಡಿಟ್ಟುಕೊಳ್ಳುತ್ತದೆ.

ಕರಗಿಸುವಾಗ ಒಂದು ಕ್ರಮ ಇದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಮೊದಲು ಸೋಡಾ ಕರಗಿಸಿ, ಆಮೇಲೆ ಮಿಕ್ಕವು. ಕ್ಯಾಲ್ಶಿಯಂ ಮತ್ತು ಫಾಸ್ಫೇಟ್ ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಕಲಸಬೇಡಿ, ಬಿಳಿ ಗಸಿಯಾಗಿ ತಳ ಸೇರುತ್ತವೆ, ಪಾಚಿಗೆ ದಕ್ಕುವುದಿಲ್ಲ. ಕಬ್ಬಿಣವನ್ನು ಬೇರೆ ಲೋಟದಲ್ಲಿ ಇಡಿಟಿಎ ಜೊತೆ ಕರಗಿಸಿ ಎಲ್ಲಕ್ಕಿಂತ ಕೊನೆಗೆ ನಿಧಾನವಾಗಿ ಬಿಡಿ. ನಾನು ಮೊದಲ ಸಲ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಸುರಿದು ಕಲಕಿದ್ದೆ. ತಳದಲ್ಲಿ ಕಂದು ಕೆಸರು ಕೂತಿತ್ತು. ಪಾಚಿ ಎರಡು ವಾರದಲ್ಲಿ ಹಳದಿ ತಿರುಗಿತು. ಕಬ್ಬಿಣ ಸಿಗದೆ ಹಾಗಾಯಿತು ಅಂತ ಗೊತ್ತಾಗಲು ಇನ್ನೂ ಒಂದು ವಾರ ಬೇಕಾಯಿತು.

ಹೊಸ ನೀರಿನ ಪಿಎಚ್, ಅಂದರೆ ಹುಳಿ ಕ್ಷಾರದ ಅಳತೆ, ಸುಮಾರು 8.3 ಇರುತ್ತದೆ. ಪಾಚಿ ಸೋಡಾದಿಂದ ಇಂಗಾಲ ಎಳೆದುಕೊಂಡ ಹಾಗೆಲ್ಲ ಅದು ತಾನಾಗಿ ಏರುತ್ತದೆ. 9.5ರಿಂದ 10.5 ಒಳಗೆ ಬಂದರೆ ನಿಮ್ಮ ತೊಟ್ಟಿಗೆ ಬೇಲಿ ಹಾಕಿದ ಹಾಗೆ, ಬೇರೆ ಪಾಚಿಗಳು ಅಲ್ಲಿ ತಲೆ ಎತ್ತುವುದು ಕಷ್ಟ. 11ರ ಹತ್ತಿರ ಹೋದರೆ ಇಂಗಾಲ ಖಾಲಿಯಾಗುತ್ತಿದೆ ಅಂತ. ಆಗ ಒಂದಿಷ್ಟು ಹಳೆಯ ನೀರು ತೆಗೆದು ಹೊಸದು ಹಾಕಿ, ಅಥವಾ ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಡಿ.

ದೊಡ್ಡದು ಮಾಡುವಾಗ ಅವಸರ ಬೇಡ

ಅರ್ಧ ಲೀಟರ್ ಬೀಜವನ್ನು ನೇರ ನೂರು ಲೀಟರ್ ತೊಟ್ಟಿಗೆ ಸುರಿದರೆ ಸತ್ತೇ ಹೋಗುತ್ತದೆ. ನೀರು ತೆಳುವಾದಾಗ ಒಂದೊಂದು ಎಳೆಗೂ ಪೂರ್ತಿ ಬಿಸಿಲು ಬೀಳುತ್ತದೆ, ಸುಟ್ಟು ಬಿಳಿಚಿಕೊಳ್ಳುತ್ತದೆ. ಅರ್ಧ ಲೀಟರಿಗೆ ಎರಡು ಲೀಟರ್ ಹೊಸ ನೀರು ಸೇರಿಸಿ. ಕಡು ಹಸಿರಾದ ಮೇಲೆ ಅದನ್ನು ಹತ್ತು ಲೀಟರ್ ಮಾಡಿ, ಆಮೇಲೆ ಐವತ್ತು. ಪ್ರತಿ ಸಲ ಐದು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬೇಡಿ. ಹಿಗ್ಗಿಸಿದ ಮೊದಲ ಎರಡು ಮೂರು ದಿನ ನೆರಳು ಬಲೆ ಕಟ್ಟಿ.

ಬಿಸಿ 35 ಡಿಗ್ರಿ ಆಸುಪಾಸು ಇದ್ದರೆ ಸ್ಪಿರುಲಿನಾ ಖುಷಿಯಾಗಿರುತ್ತದೆ. 20ಕ್ಕಿಂತ ಕೆಳಗೆ ಬಹಳ ನಿಧಾನ. 40 ದಾಟಿದರೆ ಅಪಾಯ. ಬೆಳಗಿನ ಚಳಿ ನೀರಿಗೆ ಸುಡುವ ಬಿಸಿಲು ಬೀಳುವುದು ಇನ್ನೂ ಕೆಟ್ಟದ್ದು, ಕೋಶಗಳು ಆಗಿನ್ನೂ ಕೆಲಸ ಶುರು ಮಾಡಿರುವುದಿಲ್ಲ, ಬೆಳಕು ಮಾತ್ರ ಮೇಲೆ ಬಿದ್ದು ಏಟು ಕೊಡುತ್ತದೆ.

ಕಲಕುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸೋಲು ಅಲ್ಲೇ. ದಟ್ಟ ಪಾಚಿಯಲ್ಲಿ ಬೆಳಕು ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಮೇಲಿರುವುದಕ್ಕೆ ಬೆಳಕು ಹೆಚ್ಚಾಗಿ ಕಷ್ಟ, ಕೆಳಗಿರುವುದಕ್ಕೆ ಕತ್ತಲೆ. ನೀರು ತಿರುಗುತ್ತಿದ್ದರೆ ಎಲ್ಲಕ್ಕೂ ಸರದಿ ಬರುತ್ತದೆ. ಸಣ್ಣ ತೊಟ್ಟಿಗೆ ದಿನಕ್ಕೆ ನಾಲ್ಕೈದು ಸಲ ಉದ್ದ ಪೊರಕೆಯಿಂದ ಮೆತ್ತಗೆ ಕಲಕಿದರೂ ನಡೆಯುತ್ತದೆ, ಅಕ್ವೇರಿಯಂನ ಗಾಳಿ ಪಂಪ್ ಇದ್ದರೆ ಇನ್ನೂ ಒಳ್ಳೆಯದು. ಜೋರಾಗಿ ಎಸೆಯುವ ನೀರಿನ ಪಂಪ್ ಬೇಡ, ಎಳೆಗಳು ತುಂಡಾಗುತ್ತವೆ, ತುಂಡಾದದ್ದು ಸೋಸಲು ಸಿಗುವುದಿಲ್ಲ.

ದೊಡ್ಡ ಪ್ರಮಾಣಕ್ಕೆ ಹೋದರೆ ರೇಸ್‌ವೇ ಕೊಳ. ಓಟದ ಹಾದಿಯ ಆಕಾರ, ನಡುವೆ ಒಂದು ಗೋಡೆ, ಒಂದು ಕಡೆ ನೀರು ತಳ್ಳುವ ಹುಟ್ಟುಗಾಲಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಓಸ್ವಾಲ್ಡ್ ಮತ್ತವರ ಜೊತೆಗಾರರು ಕೊಳಚೆ ನೀರಿಗೆಂದು ಬೆಳೆಸಿದ ಯೋಚನೆ ಇದು, ಈಗ ತಿನ್ನುವ ಪಾಚಿಗೂ ಇದೇ. ಆಳ 15ರಿಂದ 30 ಸೆಂಟಿಮೀಟರ್, ನೀರಿನ ಓಟ ಸೆಕೆಂಡಿಗೆ 20ರಿಂದ 30 ಸೆಂಟಿಮೀಟರ್. ತಿರುವುಗಳನ್ನು ಗಮನಿಸಿ. ಅಲ್ಲಿ ನೀರು ನಿಂತರೆ ಪಾಚಿ ಕೂತು ಕೊಳೆಯುತ್ತದೆ, ಆ ವಾಸನೆ ಇಡೀ ಕೊಳಕ್ಕೆ ಹರಡುತ್ತದೆ. ಒಳ್ಳೆಯ ಕೊಳದಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ 10ರಿಂದ 20 ಗ್ರಾಂ ಒಣ ಪಾಚಿ ಬರುತ್ತದೆ. ಯಾರಾದರೂ ವರ್ಷವಿಡೀ 50 ಗ್ರಾಂ ತೆಗೆಯುತ್ತೇನೆ ಅಂದರೆ ನಂಬಬೇಡಿ.

ಮುಚ್ಚಿದ ಗಾಜಿನ ಅಥವಾ ಪ್ಲಾಸ್ಟಿಕ್ ಕೊಳವೆಗಳಲ್ಲಿ ಬೆಳೆಸುವುದೂ ಇದೆ. ನೋಡಲು ಬಹಳ ಚೆಂದ, ಪಾಚಿಯೂ ದಟ್ಟವಾಗಿ ಬೆಳೆಯುತ್ತದೆ. ಆದರೆ ಒಳಗೆ ಆಮ್ಲಜನಕ ತುಂಬಿ ಪಾಚಿಗೇ ತೊಂದರೆ, ಬಿಸಿಲಿಗೆ ಕೊಳವೆ ಕಾದು ತಂಪು ಮಾಡಬೇಕು, ಒಳಗೋಡೆಗೆ ಲೋಳೆ ಅಂಟಿ ತೊಳೆಯಬೇಕು. ಹೆಮಟೊಕಾಕಸ್ ತರಹ ಬೇಲಿ ಇಲ್ಲದ ಪಾಚಿಗೆ ಅದು ಬೇಕೇ ಬೇಕು. ಸ್ಪಿರುಲಿನಾಗೆ ಕ್ಷಾರವೇ ಬೇಲಿ, ಡುನಾಲಿಯೆಲ್ಲಾಗೆ ಉಪ್ಪೇ ಬೇಲಿ. ಅವಕ್ಕೆ ತೆರೆದ ಕೊಳ ಸಾಕು.

ತೆಗೆಯುವುದು, ಒಣಗಿಸುವುದು

ಒಂದು ಕೋಲಿನ ತುದಿಗೆ ಬಿಳಿ ತಟ್ಟೆ ಕಟ್ಟಿ ನೀರಿಗೆ ಇಳಿಸಿ. ಮೂರು ಸೆಂಟಿಮೀಟರ್ ಆಳದಲ್ಲೇ ತಟ್ಟೆ ಕಾಣದಾದರೆ ತೆಗೆಯುವ ಹೊತ್ತು. ಇದಕ್ಕಿಂತ ದೊಡ್ಡ ಉಪಕರಣ ಶುರುವಿನಲ್ಲಿ ಬೇಡ. ಒಂದು ಸಲಕ್ಕೆ ಕೊಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೋಸಬೇಡಿ, ಮಿಕ್ಕದ್ದು ನಾಳಿನ ಬೀಜ.

ಬೆಳಗಿನ ಜಾವ ತೆಗೆಯಿರಿ. ರಾತ್ರಿ ಪಾಚಿ ತನ್ನ ಹಿಟ್ಟು ಸಕ್ಕರೆಯನ್ನು ಖರ್ಚು ಮಾಡಿರುತ್ತದೆ, ಹಾಗಾಗಿ ಆಗ ಪ್ರೋಟೀನ್ ಪಾಲು ಹೆಚ್ಚು. ಮುಂದೆ ಒಣಗಿಸಲು ಇಡೀ ದಿನದ ಬಿಸಿಲೂ ಸಿಗುತ್ತದೆ. ಮೊದಲು ದೊಡ್ಡ ಕಣ್ಣಿನ ಜಾಲರಿಯಲ್ಲಿ ಹುಳ, ಎಲೆ, ಕಸ ತೆಗೆಯಿರಿ. ಆಮೇಲೆ 30ರಿಂದ 50 ಮೈಕ್ರಾನ್ ಬಟ್ಟೆಯಲ್ಲಿ ಸೋಸಿ. ಕೆಳಗೆ ಇಳಿದ ನೀರು ಕೊಳಕ್ಕೇ ವಾಪಸ್, ಅದರಲ್ಲಿ ನಿಮ್ಮ ಸೋಡಾ ಗೊಬ್ಬರ ಎಲ್ಲ ಇದೆ. ಬಟ್ಟೆಯಲ್ಲಿ ನಿಂತ ಮುದ್ದೆಯನ್ನು ಗಂಟು ಕಟ್ಟಿ ಮೇಲೆ ಭಾರ ಇಟ್ಟು ಹಿಂಡಿ. ಕೈಯಲ್ಲಿ ಮುರಿದರೆ ಒಳಗೆ ಅಂಟದೆ ಬಿಡಿಸಿಕೊಳ್ಳಬೇಕು, ಆಗ ಅದರಲ್ಲಿ ಸುಮಾರು ಐದನೇ ಒಂದು ಭಾಗ ಪಾಚಿ, ಮಿಕ್ಕದ್ದು ನೀರು.

ಈ ಹಿಂಡುವುದರಲ್ಲಿ ಸೋಮಾರಿತನ ಮಾಡಿದರೆ ಎಷ್ಟು ನಷ್ಟ ನೋಡಿ. ಒಂದು ಕಿಲೋ ಒಣ ಪಾಚಿಯನ್ನು ಸುಟ್ಟರೆ ಸುಮಾರು 20 ಮೆಗಾಜೂಲ್ ಶಾಖ ಸಿಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹತ್ತಿರ ಹತ್ತಿರ 2.5 ಮೆಗಾಜೂಲ್ ಬೇಕು. ಚೆನ್ನಾಗಿ ಹಿಂಡಿದ ಮುದ್ದೆಯಲ್ಲಿ ಒಂದು ಕಿಲೋ ಪಾಚಿಗೆ ನಾಲ್ಕು ಲೀಟರ್ ನೀರು, ಅಂದರೆ 10 ಮೆಗಾಜೂಲ್. ಅರ್ಧ ಶಕ್ತಿ ಬರೀ ಒಣಗಿಸಲು. ಅರೆಬರೆ ಹಿಂಡಿ ಹತ್ತನೇ ಒಂದು ಭಾಗ ಮಾತ್ರ ಪಾಚಿ ಇದ್ದರೆ ಒಂಬತ್ತು ಲೀಟರ್ ನೀರು, 22 ಮೆಗಾಜೂಲ್ ಮೇಲೆ. ಪಾಚಿಯಲ್ಲಿರುವ ಶಕ್ತಿಗಿಂತ ಜಾಸ್ತಿ!

ಚಾಡ್ ಸರೋವರದ ಹತ್ತಿರದ ಕನೆಂಬು ಹೆಂಗಸರು ಈ ಗಂಟನ್ನು ಬಹಳ ಹಿಂದೆಯೇ ಬಿಡಿಸಿದ್ದರು. ಮೊಗೆದ ಸ್ಪಿರುಲಿನಾವನ್ನು ಮರಳಿನಲ್ಲಿ ಮಾಡಿದ ಗುಳಿಗೆ ಸುರಿಯುತ್ತಾರೆ. ಕೆಳಗಿನಿಂದ ಮರಳು ನೀರು ಹೀರುತ್ತದೆ, ಮೇಲಿನಿಂದ ಬಿಸಿಲು. ಇಂಧನದ ಖರ್ಚೇ ಇಲ್ಲ.

ಹಿಂಡಿದ ಮುದ್ದೆಯನ್ನು ತೆಳು ಎಳೆಗಳಾಗಿ ಒತ್ತಿ ಜಾಲರಿಯ ಮೇಲೆ ಹರಡಿ, ಗಾಳಿ ಆಡುವ ಡ್ರೈಯರಿನಲ್ಲಿ 60 ಡಿಗ್ರಿ ದಾಟದ ಹಾಗೆ ಒಣಗಿಸಿ. ದಪ್ಪಗೆ ಹರಡಿದರೆ ಮೇಲೆ ಒಣಗಿ ಒಳಗೆ ಹುಳಿಯುತ್ತದೆ. ಮುರಿದರೆ ಟಕ್ ಅನ್ನಬೇಕು. ಗಾಳಿ, ಬೆಳಕು ತಾಗದ ಡಬ್ಬಿಯಲ್ಲಿ ಇಡಿ. ನೀಲಿ ಬಣ್ಣ ತೆಗೆಯುವ ಉದ್ದೇಶ ಇದ್ದರೆ ಇನ್ನೂ ಹುಷಾರು, ಫೈಕೋಸಯಾನಿನ್‌ಗೆ ಬಿಸಿ ಆಗುವುದಿಲ್ಲ.

ತೆಗೆದಷ್ಟು ವಾಪಸ್ ಕೊಡಬೇಕು. ಒಂದು ಕಿಲೋ ಒಣ ಸ್ಪಿರುಲಿನಾದಲ್ಲಿ ಸುಮಾರು 100 ಗ್ರಾಂ ಸಾರಜನಕ, 10 ಗ್ರಾಂ ಆಸುಪಾಸು ರಂಜಕ ಹೊರಗೆ ಹೋಗುತ್ತದೆ. 100 ಗ್ರಾಂ ಸಾರಜನಕಕ್ಕೆ ಸೋಡಿಯಂ ನೈಟ್ರೇಟ್ ಆದರೆ 600 ಗ್ರಾಂ, ಯೂರಿಯಾ ಆದರೆ 220 ಗ್ರಾಂ ಬೇಕು. ಯೂರಿಯಾ ಅಗ್ಗ, ಆದರೆ ಅದು ಅಮೋನಿಯಾ ಆಗುತ್ತದೆ, ಪಿಎಚ್ 10 ಇರುವ ನೀರಿನಲ್ಲಿ ಅಮೋನಿಯಾ ವಿಷ. ಯೂರಿಯಾ ಬಳಸುವುದಾದರೆ ದಿನಾ ಚೂರು ಚೂರೇ ಹಾಕಿ. ಒಂದೇ ಸಲ ಸುರಿದರೆ ಮಾರನೆಯ ದಿನ ಕೊಳ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಆಮೇಲೆ ಏನು ಮಾಡಿದರೂ ಉಳಿಯುವುದಿಲ್ಲ.

ಕೊಳಚೆ ನೀರಿಗೆ ಪಾಚಿ

ನನಗೆ ಪಾಚಿಯ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕೆಲಸದಿಂದ. ಮನೆಗಳಿಂದ ಬರುವ ಕೊಳಚೆ ನೀರಿನ ಒಂದು ಲೀಟರಿನಲ್ಲಿ ಸಾಮಾನ್ಯವಾಗಿ 40 ಮಿಲಿಗ್ರಾಂ ಆಸುಪಾಸು ಸಾರಜನಕ, 5ರಿಂದ 10 ಮಿಲಿಗ್ರಾಂ ರಂಜಕ ಇರುತ್ತದೆ. ಪಾಚಿಯ ಒಣ ತೂಕದಲ್ಲಿ ಸಾರಜನಕ ಸುಮಾರು 8 ಶೇಕಡಾ, ರಂಜಕ 1 ಶೇಕಡಾ. ಲೆಕ್ಕ ಹಾಕಿ. ಆ 40 ಮಿಲಿಗ್ರಾಂ ಪೂರ್ತಿ ತಿನ್ನಲು ಅರ್ಧ ಗ್ರಾಂ ಪಾಚಿ ಬೆಳೆದರೆ ಸಾಕು. ತೆರೆದ ಕೊಳದಲ್ಲಿ ಹೇಗೂ ಬೆಳೆಯುವುದು ಅಷ್ಟೇ! ಜೊತೆಗೆ ರಂಜಕದಲ್ಲಿ 5 ಮಿಲಿಗ್ರಾಂ ಕೂಡ ಹೋಗುತ್ತದೆ.

ಇನ್ನೊಂದು ಲಾಭ ಆಮ್ಲಜನಕ. ಮಾಮೂಲಿ ಶುದ್ಧೀಕರಣ ಘಟಕಗಳಲ್ಲಿ ಬ್ಯಾಕ್ಟೀರಿಯಾಗೆ ಗಾಳಿ ಊದುವುದಕ್ಕೇ ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ ಕರೆಂಟ್ ಹೋಗುತ್ತದೆ. ಪಾಚಿ ಕೊಳದಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಹೊಲಸನ್ನು ಒಡೆದು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಅದನ್ನು ಪಾಚಿ ತಿನ್ನುತ್ತದೆ. ಹುಟ್ಟುಗಾಲಿ ತಿರುಗಿಸುವಷ್ಟು ಕರೆಂಟ್ ಇದ್ದರೆ ಆಯಿತು.

ಮಾಡುವ ಬಗೆ ಹೀಗೆ. ಗಟ್ಟಿ ಹೊಲಸನ್ನು ಮೊದಲು ಒಂದು ತೊಟ್ಟಿಯಲ್ಲಿ ತಳಕ್ಕೆ ಕೂರಲು ಬಿಡಿ. ಮೇಲಿನ ನೀರನ್ನು 30 ಸೆಂಟಿಮೀಟರ್ ಆಳದ ರೇಸ್‌ವೇಗೆ ಹರಿಸಿ. ಬೀಜ ತರುವ ಅಗತ್ಯವೇ ಇಲ್ಲ, ಸೆನೆಡೆಸ್ಮಸ್, ಕ್ಲೋರೆಲ್ಲಾ, ಪೀಡಿಯಾಸ್ಟ್ರಂ ತಾವಾಗಿಯೇ ಬರುತ್ತವೆ. ಬಿಸಿಲುಗಾಲದಲ್ಲಿ ನಾಲ್ಕು ದಿನ, ಚಳಿ ಮೋಡ ಇದ್ದಾಗ ಎಂಟು ಹತ್ತು ದಿನ ನೀರು ಅಲ್ಲಿ ಇರಬೇಕು. ನೀರು ಕಪ್ಪಾಗಿ ವಾಸನೆ ಬಂದರೆ ಹೊಲಸಿನ ಹೊರೆ ಜಾಸ್ತಿ ಆಗಿದೆ, ಒಳಹರಿವು ಕಡಿಮೆ ಮಾಡಿ. ಹಸಿರಾಗಿದ್ದದ್ದು ಎರಡೇ ದಿನದಲ್ಲಿ ತಿಳಿಯಾಗಿಬಿಟ್ಟರೆ ಖುಷಿಪಡಬೇಡಿ. ರೋಟಿಫರ್, ಡ್ಯಾಫ್ನಿಯಾ ತರಹದ ಸಣ್ಣ ಜೀವಿಗಳು ಪಾಚಿಯನ್ನು ಮೇದು ಮುಗಿಸಿವೆ ಅಂತ. ಮೈಕ್ರೋಸ್ಕೋಪಿನಲ್ಲಿ ದಿನಾ ಒಂದು ಹನಿ ನೋಡುವ ಅಭ್ಯಾಸ ಇದ್ದರೆ ಇದು ಮೊದಲೇ ತಿಳಿಯುತ್ತದೆ. ಮಧ್ಯಾಹ್ನದ ಹೊತ್ತು ಪಿಎಚ್ 9 ದಾಟುವುದು ಮಾಮೂಲು. ಅದೂ ಬಿಸಿಲೂ ಸೇರಿ ರೋಗಾಣುಗಳನ್ನು ಬಹಳಷ್ಟು ಕೊಲ್ಲುತ್ತವೆ.

ಜಾಗ ಮಾತ್ರ ಬೇಕು, ಇದನ್ನು ಮುಚ್ಚಿಡಬಾರದು. ಒಬ್ಬರು ದಿನಕ್ಕೆ 150 ಲೀಟರ್ ನೀರು ಬಳಸಿದರೆ, ಆರು ದಿನ ಕೊಳದಲ್ಲಿ ಇರಬೇಕೆಂದರೆ 900 ಲೀಟರ್. 30 ಸೆಂಟಿಮೀಟರ್ ಆಳದಲ್ಲಿ ಅದು ಮೂರು ಚದರ ಮೀಟರ್. ಸಾವಿರ ಜನಕ್ಕೆ 3,000 ಚದರ ಮೀಟರ್. ಸಣ್ಣ ಊರಿಗೆ, ಬಡಾವಣೆಯ ಹೊರಗೆ ಜಾಗ ಇರುವಲ್ಲಿಗೆ ಇದು ಹೊಂದುತ್ತದೆ. ಒತ್ತೊತ್ತಾಗಿ ಮನೆಗಳಿರುವ ನಗರದ ನಡುವೆ ಆಗುವುದಿಲ್ಲ.

ಇಲ್ಲೂ ಕೊನೆಯ ಹೆಜ್ಜೆ ಪಾಚಿಯನ್ನು ನೀರಿನಿಂದ ಬಿಡಿಸುವುದೇ. ಬಿಡಿಸದೆ ಹಸಿರು ನೀರನ್ನು ಹಾಗೇ ಕೆರೆಗೆ ಬಿಟ್ಟರೆ ನೀವು ಏನನ್ನೂ ಶುದ್ಧ ಮಾಡಿಲ್ಲ. ಸಾರಜನಕ, ರಂಜಕ ಎರಡೂ ಪಾಚಿಯ ವೇಷದಲ್ಲಿ ಕೆರೆ ಸೇರುತ್ತವೆ, ಅಲ್ಲಿ ಅದು ಸತ್ತು ಕೊಳೆತು ಆಮ್ಲಜನಕ ತಿಂದು ಮೀನು ಸಾಯುತ್ತವೆ. ಕೊಳದ ನಂತರ ಒಂದು ನಿಶ್ಚಲ ತೊಟ್ಟಿ ಇಡಿ. ತಳದಲ್ಲಿ ಕೂತ ಪಾಚಿಯಲ್ಲಿ ಸ್ವಲ್ಪವನ್ನು ಮತ್ತೆ ಕೊಳಕ್ಕೇ ಹಾಕುತ್ತಾ ಬನ್ನಿ. ಹೀಗೆ ಮಾಡಿದರೆ ಕ್ರಮೇಣ ಬೇಗ ತಳ ಸೇರುವ, ಗುಂಪುಗೂಡುವ ಜಾತಿಗಳೇ ಕೊಳದಲ್ಲಿ ಹೆಚ್ಚುತ್ತವೆ. ಆಲಂ, ಅಂದರೆ ಪಟಿಕ, ಹಾಕಿಯೂ ಕೂರಿಸಬಹುದು, ಆದರೆ ಆಗ ಪಾಚಿಯಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ.

ತೆಗೆದ ಪಾಚಿಯನ್ನು ಬಯೋಗ್ಯಾಸ್ ತೊಟ್ಟಿಗೆ ಹಾಕಿ, ಇಲ್ಲವೇ ಕಾಂಪೋಸ್ಟ್ ಮಾಡಿ ಹೊಲಕ್ಕೆ ಹಾಕಿ. ಎರಡರಲ್ಲೂ ಪೂರ್ತಿ ಒಣಗಿಸುವ ಕೆಲಸ ಇಲ್ಲ. ಕಾರ್ಖಾನೆ ನೀರು ಸೇರಿದ್ದರೆ ಮೊದಲು ಭಾರಲೋಹ ಪರೀಕ್ಷೆ ಮಾಡಿಸಿ. ಕೊಳಚೆಯಲ್ಲಿ ಬೆಳೆದ ಪಾಚಿಯನ್ನು ಜನರಿಗೆ ತಿನ್ನಿಸುವ ಯೋಚನೆಯೇ ಬೇಡ, ಎಷ್ಟು ತೊಳೆದರೂ ಬೇಡ.

ಹೊಲದ ಮಾತು ಬಂತಲ್ಲ, ಒಂದು ವಿಷಯ. ಅನಬೀನಾ, ನಾಸ್ಟಾಕ್ ತರಹದ ನೀಲಿಹಸಿರು ಪಾಚಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರ ಮಾಡುತ್ತವೆ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಇವು ಹೀಗೆ ಮಾಡುತ್ತವೆ ಅಂತ 1939ರಲ್ಲಿ ಪಿ.ಕೆ. ಡೇ ಪ್ರಕಟಿಸಿದರು. ನೀರಿನಿಂದ ಬಿಡಿಸುವ ಕೆಲಸವೇ ಇಲ್ಲದ ಉಪಯೋಗ ಇದು, ಬೆಳೆದಲ್ಲೇ ಕೊಳೆತು ಮಣ್ಣು ಸೇರುತ್ತದೆ.

ಹೊಗೆ ಮತ್ತು ಎಣ್ಣೆಯ ಲೆಕ್ಕ

ಪಾಚಿಯ ಒಣ ತೂಕದಲ್ಲಿ ಅರ್ಧ ಇಂಗಾಲ. ಹಾಗಾಗಿ ಒಂದು ಕಿಲೋ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ಇದು ನಿಜ. ಇದನ್ನೇ ಹಿಡಿದು ಕಾರ್ಖಾನೆಯ ಹೊಗೆಯನ್ನೆಲ್ಲ ಪಾಚಿ ನುಂಗುತ್ತದೆ ಅಂತ ಹೇಳುವವರಿದ್ದಾರೆ. ಒಂದು ಹೆಕ್ಟೇರ್ ಕೊಳದಲ್ಲಿ ದಿನಕ್ಕೆ ಚದರ ಮೀಟರಿಗೆ 20 ಗ್ರಾಂ ಬೆಳೆದರೂ 200 ಕಿಲೋ ಪಾಚಿ, ಅದು ಹಿಡಿಯುವುದು 360 ಕಿಲೋ ಡೈಆಕ್ಸೈಡ್. ಕಲ್ಲಿದ್ದಲಿನ 500 ಮೆಗಾವಾಟ್ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 11,000 ಟನ್ ಬಿಡುತ್ತದೆ. ಅದನ್ನೆಲ್ಲ ಹಿಡಿಯಲು 30,000 ಹೆಕ್ಟೇರ್ ಕೊಳ ಬೇಕು, ಅಂದರೆ 300 ಚದರ ಕಿಲೋಮೀಟರ್. ಅಷ್ಟು ಮಾಡಿದರೂ ಆ ಪಾಚಿಯನ್ನು ತಿಂದರೆ, ಸುಟ್ಟರೆ, ಕೊಳೆಸಿದರೆ ಇಂಗಾಲ ಮತ್ತೆ ಗಾಳಿಗೇ ಹೋಗುತ್ತದೆ. ಹತ್ತಿರದಲ್ಲಿ ಹೊಗೆ ಕೊಳವೆ ಇದ್ದರೆ ಅದನ್ನು ಪಾಚಿಗೆ ಅಗ್ಗದ ಆಹಾರ ಅಂದುಕೊಳ್ಳಿ. ವಾತಾವರಣ ಉಳಿಸುತ್ತಿದ್ದೇವೆ ಅಂತ ಬೋರ್ಡು ಹಾಕಬೇಡಿ.

ಎಣ್ಣೆಯ ಕಥೆಯೂ ಹೀಗೇ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿಯಿಂದ ಡೀಸೆಲ್ ತೆಗೆಯುವ ಬಗ್ಗೆ ಒಂದು ದೊಡ್ಡ ಕಾರ್ಯಕ್ರಮ ನಡೆಸಿ, ಪೆಟ್ರೋಲಿಯಂ ಜೊತೆ ಬೆಲೆಯಲ್ಲಿ ಸ್ಪರ್ಧಿಸಲು ಆಗದೆ ನಿಲ್ಲಿಸಿತು. ಪಾಚಿಗೆ ಎಣ್ಣೆ ಕೂಡಿಟ್ಟುಕೊಳ್ಳಲು ಬರುವುದಿಲ್ಲ ಅಂತಲ್ಲ. ಸಾರಜನಕ ನಿಲ್ಲಿಸಿದರೆ ಕೂಡಿಟ್ಟುಕೊಳ್ಳುತ್ತದೆ, ಆದರೆ ಆಗ ಬೆಳವಣಿಗೆಯೂ ನಿಲ್ಲುತ್ತದೆ. ಮೇಲೆ ಹೇಳಿದ ಒಣಗಿಸುವ ಲೆಕ್ಕ ಬೇರೆ ಕೂತಿರುತ್ತದೆ. ಹೊಸದಾಗಿ ಶುರು ಮಾಡುವವರು ಇಂಧನದ ಕಡೆ ಹೋಗಲೇಬೇಡಿ, ಇದು ನನ್ನ ಖಚಿತ ಅಭಿಪ್ರಾಯ.

ಮಾರುವ ಮೊದಲು

ಕೆರೆಯಿಂದ ಬೀಜ ತರಬೇಡಿ ಅಂದಿದ್ದೆ ಅಲ್ವಾ? ಕಾರಣ ಮೈಕ್ರೊಸಿಸ್ಟಿಸ್. ಇದೂ ನೀಲಿಹಸಿರು ಪಾಚಿಯೇ. ಇದು ಬಿಡುವ ಮೈಕ್ರೊಸಿಸ್ಟಿನ್ ವಿಷ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೊಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಇಟ್ಟಿದೆ. 2014ರ ಆಗಸ್ಟಿನಲ್ಲಿ ಈರಿ ಸರೋವರದ ಪಾಚಿಯಿಂದಾಗಿ ಅಮೆರಿಕದ ಟೊಲೆಡೊ ನಗರ ಮತ್ತು ಸುತ್ತಮುತ್ತಲಿನ ಸುಮಾರು ಐದು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂತ ಹೇಳಬೇಕಾಗಿ ಬಂತು. ಹೊಲಗಳಿಂದ ಹರಿದು ಬಂದ ರಂಜಕವೇ ಅದಕ್ಕೆ ದೊಡ್ಡ ಕಾರಣ. ತಿನ್ನುವ ಪಾಚಿ ಮಾರುವವರು ಮೈಕ್ರೊಸಿಸ್ಟಿನ್, ಭಾರಲೋಹ, ರೋಗಾಣು ಈ ಮೂರೂ ಪರೀಕ್ಷೆಗಳನ್ನು ಮಾಡಿಸದೆ ಒಂದು ಪೊಟ್ಟಣವನ್ನೂ ಹೊರಗೆ ಕೊಡಬಾರದು.

ಲೇಬಲ್ ಮೇಲೆ ಏನು ಬರೆಯುತ್ತೀರಿ ಅನ್ನುವುದೂ ಮುಖ್ಯ. ಸ್ಪಿರುಲಿನಾದಲ್ಲಿ ಬಿ12 ಇದೆ ಅಂತ ಬಹಳ ಜನ ಬರೆಯುತ್ತಾರೆ. ಅದರಲ್ಲಿರುವುದು ಹೆಚ್ಚಿನಂಶ ಮನುಷ್ಯರ ಮೈಗೆ ಕೆಲಸಕ್ಕೆ ಬಾರದ ರೂಪದ ಬಿ12. ಮಾಂಸ, ಹಾಲು ಏನೂ ತಿನ್ನದವರು ಇದನ್ನೇ ನಂಬಿಕೊಂಡರೆ ನರಗಳಿಗೆ ತೊಂದರೆ ಆಗಬಹುದು. ದಯವಿಟ್ಟು ಹಾಗೆ ಬರೆಯಬೇಡಿ.

ಇಷ್ಟೆಲ್ಲ ಶುರು ಮಾಡುವ ದಿನವೇ ಎರಡು ಸಣ್ಣ ಬಾಟಲಿಯಲ್ಲಿ ನಿಮ್ಮ ಬೀಜವನ್ನು ಕೊಳದಿಂದ ದೂರ, ನೆರಳಿನ ಕಿಟಕಿಯಲ್ಲಿ ಬೇರೆ ಬೇರೆ ಕಡೆ ಇಡಿ. ದಿನಾ ಒಮ್ಮೆ ಅಲ್ಲಾಡಿಸಿ, ಎರಡು ಮೂರು ವಾರಕ್ಕೊಮ್ಮೆ ಹೊಸ ನೀರಿಗೆ ಬದಲಿಸಿ, ಕೊಳಕ್ಕೆ ಬಳಸಿದ ಲೋಟವನ್ನು ಅದಕ್ಕೆ ಮುಟ್ಟಿಸಬೇಡಿ. ಕೊಳ ಯಾವತ್ತಾದರೂ ಒಂದು ದಿನ ಹಾಳಾಗುತ್ತದೆ, ಎಲ್ಲರದ್ದೂ ಆಗುತ್ತದೆ. ಆವತ್ತು ತೊಟ್ಟಿ ತೊಳೆದು, ಒಣಗಿಸಿ, ಈ ಬಾಟಲಿಯ ಅರ್ಧ ಲೀಟರಿನಿಂದ ಮತ್ತೆ ಎರಡು ಲೀಟರಿಗೆ ಶುರು ಮಾಡಬಹುದು.